ಕ್ರೂಸ್ ಹಡಗಿನಲ್ಲಿ ಸೂಟ್: ಬುಕ್ ಮಾಡುವ ಮುಂಚೆ ಏನು ಕೇಳಬೇಕು, ಹತ್ತಿದ ಮೇಲೆ ಏನು ಕೇಳಿ ಪಡೆಯಬೇಕು

ನಮ್ಮ ಅಪ್ಪನಿಗೆ 74 ವರ್ಷ. ಎರಡೂ ಮಂಡಿ ನೋವು, ಹತ್ತು ನಿಮಿಷಕ್ಕಿಂತ ಜಾಸ್ತಿ ನಿಲ್ಲಲು ಆಗುವುದಿಲ್ಲ. ಅಮ್ಮನಿಗೆ ರಾತ್ರಿ ಊಟದ ಕೊನೆಗೆ ಮೊಸರನ್ನ ಬೀಳದಿದ್ದರೆ ಊಟ ಆದ ಹಾಗೇ ಅಲ್ಲ. ಇವರಿಬ್ಬರನ್ನೂ ಕರೆದುಕೊಂಡು ಸಿಂಗಪುರದಿಂದ ಹೊರಡುವ ಕ್ರೂಸ್‌ಗೆ ಎರಡು ಸಲ ಹೋಗಿ ಬಂದಿದ್ದೇವೆ. ಎರಡು ಸಲವೂ ಸೂಟ್, ಅಂದರೆ ಮಾಮೂಲಿಗಿಂತ ದೊಡ್ಡ, ಹೆಚ್ಚು ಸೌಲಭ್ಯದ ಕೋಣೆ ಅಂತಲೇ ದುಡ್ಡು ಕೊಟ್ಟಿದ್ದು. ಮೊದಲ ಸಲ ಕೊಟ್ಟ ದುಡ್ಡಿಗೆ ದೊಡ್ಡ ಕೋಣೆ ಬಿಟ್ಟು ಬೇರೇನೂ ಸಿಗಲಿಲ್ಲ, ಎರಡನೇ ಸಲ ಅಪ್ಪ ಒಂದೇ ಒಂದು ಕ್ಯೂನಲ್ಲೂ ನಿಲ್ಲಲಿಲ್ಲ. ವ್ಯತ್ಯಾಸ ಇದ್ದದ್ದು ನಾವು ಮುಂಚೆ ಕೇಳಿದ ಪ್ರಶ್ನೆಗಳಲ್ಲಿ. ಬೆಂಗಳೂರಿನಿಂದ ಈಗ ತುಂಬಾ ಜನ ಅಪ್ಪ ಅಮ್ಮನನ್ನು ಕ್ರೂಸ್‌ಗೆ ಕರೆದುಕೊಂಡು ಹೋಗುತ್ತಿದ್ದಾರೆ, ಆದ್ದರಿಂದ ನಮಗೆ ಗೊತ್ತಾದದ್ದನ್ನೆಲ್ಲ ಬರೆಯುತ್ತಿದ್ದೇನೆ.

ಹೆಸರು ನೋಡಿ ದುಡ್ಡು ಕಟ್ಟಬೇಡಿ

ಮೊದಲ ಸಲ ನಮ್ಮ ಏಜೆಂಟ್ "ಸೂಟ್ ಸಾರ್, ಲೌಂಜ್ ಎಲ್ಲಾ ಇರುತ್ತೆ" ಅಂದಿದ್ದರು. ಹಡಗು ಹತ್ತಿದ ದಿನ ಮಧ್ಯಾಹ್ನ ಅಪ್ಪನನ್ನು ಕೂರಿಸೋಣ ಅಂತ ಸೂಟ್‌ನವರ ಲೌಂಜ್ ಬಾಗಿಲಿಗೆ ಹೋದೆವು. ಅಲ್ಲಿದ್ದ ಹುಡುಗಿ ನಮ್ಮ ಕಾರ್ಡ್ ಮುಟ್ಟಿಸಿದಳು, ಕೆಂಪು ದೀಪ ಬಂತು. ನಾವು ತಗೊಂಡಿದ್ದು ಜೂನಿಯರ್ ಸೂಟ್. ಅದಕ್ಕೆ ಲೌಂಜ್ ಇಲ್ಲ. ತುಂಬಾ ಮರ್ಯಾದೆಯಿಂದಲೇ ಹೇಳಿದಳು, ಆದರೆ ಅಪ್ಪ ಅಷ್ಟು ದೂರ ನಡೆದು ಬಂದಿದ್ದರು. ಆ ಮುಖ ನನಗೆ ಇವತ್ತಿಗೂ ನೆನಪಿದೆ.

ಹಾಗಾಗಿ ಇದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ: ಹೆಸರಲ್ಲಿ "ಸೂಟ್" ಇದ್ದ ಮಾತ್ರಕ್ಕೆ ಸೂಟ್‌ನ ಸೌಲಭ್ಯ ಸಿಗುವುದಿಲ್ಲ. ರಾಯಲ್ ಕೆರಿಬಿಯನ್ ಕಂಪನಿಯ ದೊಡ್ಡ ಹಡಗುಗಳಲ್ಲಿ ಸೂಟ್‌ಗಳಿಗೆ ಸೀ, ಸ್ಕೈ, ಸ್ಟಾರ್ ಅಂತ ಮೂರು ಕ್ಲಾಸ್ ಇವೆ. ಜೂನಿಯರ್ ಸೂಟ್ ಬರುವುದು ಸೀ ಕ್ಲಾಸ್‌ಗೆ. ಅವರಿಗೆ ಕೋಸ್ಟಲ್ ಕಿಚನ್ ಅನ್ನುವ ಸೂಟ್ ರೆಸ್ಟೋರೆಂಟ್‌ನಲ್ಲಿ ರಾತ್ರಿ ಊಟ ಸಿಗುತ್ತದೆ, ಲೌಂಜ್ ಇಲ್ಲ. ಲೌಂಜ್ ಶುರುವಾಗುವುದೇ ಸ್ಕೈ ಕ್ಲಾಸ್‌ನಿಂದ. ಸ್ಟಾರ್ ಕ್ಲಾಸ್‌ನವರಿಗೆ ರಾಯಲ್ ಜೀನಿ ಅಂತ ಒಬ್ಬರನ್ನು ಕೊಡುತ್ತಾರೆ, ಅವರೇ ಎಲ್ಲಾ ನೋಡಿಕೊಳ್ಳುತ್ತಾರೆ. ನಾರ್ವೀಜಿಯನ್ ಕಂಪನಿಯಲ್ಲೂ ಇದೇ ಕಥೆ. ಅಲ್ಲಿ "ಕ್ಲಬ್ ಬಾಲ್ಕನಿ ಸೂಟ್" ಅಂತ ಒಂದಿದೆ, ಆದರೆ ಬಟ್ಲರ್ (ಸೂಟ್‌ನವರ ಬೇಕುಬೇಡ ನೋಡಿಕೊಳ್ಳುವ ಸಿಬ್ಬಂದಿ), ಬೇರೆ ರೆಸ್ಟೋರೆಂಟ್, ಬೇರೆ ಅಂಗಳ ಎಲ್ಲಾ ಇರುವುದು "ಹೇವನ್" ಅನ್ನುವ ಭಾಗದಲ್ಲಿ, ಕ್ಲಬ್ ಬಾಲ್ಕನಿಯವರಿಗೆ ಅಲ್ಲಿ ಪ್ರವೇಶ ಇಲ್ಲ.

ಎಂಎಸ್‌ಸಿ ಕಂಪನಿಯ ಯಾಟ್ ಕ್ಲಬ್, ಸೆಲೆಬ್ರಿಟಿ ಕಂಪನಿಯ ರಿಟ್ರೀಟ್, ಇವೆರಡೂ ಹಡಗಿನೊಳಗೆ ಇನ್ನೊಂದು ಪುಟ್ಟ ಹಡಗು ಇದ್ದ ಹಾಗೆ. ಊಟದ ಜಾಗ ಬೇರೆ, ಕೂರುವ ಜಾಗ ಬೇರೆ, ಡ್ರಿಂಕ್ಸ್ ದುಡ್ಡೂ ಅದರಲ್ಲೇ ಸೇರಿರುತ್ತದೆ. ಕ್ಯುನಾರ್ಡ್ ಹಡಗುಗಳಲ್ಲಿ ನಿಮ್ಮ ಸೂಟ್ ಯಾವುದು ಅನ್ನುವುದರ ಮೇಲೆ ನೀವು ಊಟ ಮಾಡುವ ರೆಸ್ಟೋರೆಂಟೇ ಬದಲಾಗುತ್ತದೆ, ಪ್ರಿನ್ಸೆಸ್ ಗ್ರಿಲ್ ಅಥವಾ ಕ್ವೀನ್ಸ್ ಗ್ರಿಲ್. ಸಿಂಗಪುರದಿಂದ ಹೊರಡುವ ಗೆಂಟಿಂಗ್ ಡ್ರೀಮ್‌ನಲ್ಲಿ ಸೂಟ್ ಭಾಗಕ್ಕೆ ಪ್ಯಾಲೆಸ್ ಅಂತ ಹೆಸರು, ಅಲ್ಲೂ ಬಟ್ಲರ್ ಇರುತ್ತಾರೆ. ನಮ್ಮ ಕರಾವಳಿಯಲ್ಲೇ ಓಡಾಡುವ ಕಾರ್ಡೇಲಿಯಾದ ಎಂಪ್ರೆಸ್ ಹಡಗು 1990ರಲ್ಲಿ ಕಟ್ಟಿದ್ದು, ಆ ಕಾಲದ ಹಡಗಲ್ವಾ, ಬಾಲ್ಕನಿ ಕೋಣೆಗಳೇ ಕಮ್ಮಿ. ಅದರಲ್ಲಿ ಸೂಟ್ ಬೇಕು ಅಂದರೆ ದಸರಾ ರಜಕ್ಕೆ ತುಂಬಾ ಮುಂಚೆ ಹಿಡಿಯಬೇಕು.

ಏಜೆಂಟ್‌ಗೆ ಫೋನಿನಲ್ಲಿ ಕೇಳಿ ಸುಮ್ನಾಗಬೇಡಿ. ವಾಟ್ಸಾಪ್‌ನಲ್ಲೋ ಮೇಲ್‌ನಲ್ಲೋ ಬರೆಸಿಕೊಳ್ಳಿ: ಕೋಣೆಯ ಕೆಟಗರಿ ಕೋಡ್ ಏನು, ಬಟ್ಲರ್ ಇದ್ದಾರಾ, ಲೌಂಜ್ ಇದೆಯಾ, ಹತ್ತುವಾಗ ಇಳಿಯುವಾಗ ಬೇರೆ ಸಾಲು ಇದೆಯಾ, ಟಿಪ್ಸ್ ಸೇರಿದೆಯಾ. ಉತ್ತರ ಬಂದ ಮೇಲೆ ಅದೇ ಕೋಡನ್ನು ಕಂಪನಿಯ ವೆಬ್‌ಸೈಟ್‌ನಲ್ಲಿ ನೀವೇ ಒಮ್ಮೆ ನೋಡಿ. ಐದು ನಿಮಿಷದ ಕೆಲಸ.

ಕೋಣೆ ಹಡಗಿನ ಯಾವ ಕಡೆ ಇದೆ

ಇದನ್ನು ಯಾರೂ ಹೇಳುವುದಿಲ್ಲ. ಹಡಗು ಜಾಸ್ತಿ ಅಲ್ಲಾಡುವುದು ಮೂತಿಯಲ್ಲಿ, ಬಾಲದಲ್ಲಿ, ಮತ್ತೆ ಮೇಲಿನ ಡೆಕ್‌ಗಳಲ್ಲಿ, ಅಂದರೆ ಮಹಡಿಗಳಲ್ಲಿ. ದುಬಾರಿ ಸೂಟ್‌ಗಳು ಇರುವುದೂ ಹೆಚ್ಚಾಗಿ ಅಲ್ಲೇ. ಬಸ್ಸಿನಲ್ಲಿ ಹಿಂದಿನ ಸೀಟಲ್ಲಿ ಕೂತರೆ ಹೇಗೆ ಎತ್ತಿ ಹಾಕುತ್ತದೆಯೋ ಹಾಗೆ. ಮನೆಯಲ್ಲಿ ಯಾರಿಗಾದರೂ ಘಾಟಿ ರಸ್ತೆಯಲ್ಲಿ ವಾಂತಿ ಬರುತ್ತದೆ ಅಂದರೆ ನಡುಭಾಗದ, ಆದಷ್ಟು ಕೆಳಗಿನ ಡೆಕ್‌ನ ಸೂಟ್ ಹುಡುಕಿ, ಬಾಲ್ಕನಿ ಸ್ವಲ್ಪ ಚಿಕ್ಕದಾದರೂ ಪರವಾಗಿಲ್ಲ. ಡೆಕ್ ಪ್ಲಾನ್ ತೆರೆದು ಕೋಣೆಯ ಮೇಲೆ ಕೆಳಗೆ ಏನಿದೆ ಅಂತಲೂ ನೋಡಿ. ಮೇಲೆ ಈಜುಕೊಳದ ಡೆಕ್ ಇದ್ದರೆ ಬೆಳಗಿನ ಜಾವ ಕುರ್ಚಿ ಎಳೆಯುವ ಸದ್ದು ತಲೆ ಮೇಲೇ. ಕೆಳಗೆ ಥಿಯೇಟರ್ ಇದ್ದರೆ ರಾತ್ರಿ ಹನ್ನೊಂದರವರೆಗೆ ಧಬಧಬ. ಮೇಲೂ ಕೆಳಗೂ ಮಲಗುವ ಕೋಣೆಗಳೇ ಇರುವ ಜಾಗ ಎಲ್ಲಕ್ಕಿಂತ ನೆಮ್ಮದಿ. ಲಿಫ್ಟ್ ಹತ್ತಿರ ಇದೆಯಾ ಅಂತ ನಾನು ಅಪ್ಪನಿಗಾಗಿ ನೋಡಿದೆ, ಅದಂತೂ ತುಂಬಾ ಉಪಯೋಗಕ್ಕೆ ಬಂತು.

ಇನ್ನೊಂದು ದಾರಿ ಇದೆ. ಬಾಲ್ಕನಿ ಕೋಣೆ ಬುಕ್ ಮಾಡಿ, ಹೊರಡುವ ಕೆಲವು ವಾರ ಮುಂಚೆ ಕಂಪನಿಯವರು ಕರೆಯುವ ಅಪ್‌ಗ್ರೇಡ್ ಬಿಡ್‌ನಲ್ಲಿ ಹಣ ಹಾಕುವುದು. ಕಮ್ಮಿ ದುಡ್ಡಿಗೆ ಸೂಟ್ ಬೀಳಬಹುದು. ಆದರೆ ಬಿಡ್ ತಲೆಗಿಷ್ಟು ಅಂತ ಇರುತ್ತದೆ, ಕೋಣೆಗಲ್ಲ. 20,000 ಹಾಕಿದಿರಿ ಅಂದರೆ ಇಬ್ಬರಿಗೆ 40,000. ಅದರ ಮೇಲೆ ಟಿಪ್ಸ್ ಕೂಡ ಸೂಟ್ ದರಕ್ಕೆ ಏರುತ್ತದೆ. ಯಾವ ಡೆಕ್, ಯಾವ ಮೂಲೆ ಅಂತ ಆರಿಸಿಕೊಳ್ಳಲೂ ಆಗುವುದಿಲ್ಲ. ವಯಸ್ಸಾದವರು ಜೊತೆಗಿದ್ದರೆ ಬಿಡ್ ಬೇಡ, ನೇರವಾಗಿ ಬುಕ್ ಮಾಡಿ ಅನ್ನುವುದು ನನ್ನ ಅಭಿಪ್ರಾಯ. ಮದುವೆಯಾದ ಹೊಸ ಜೋಡಿಗಾದರೆ ಧಾರಾಳವಾಗಿ ಹಾಕಿ ನೋಡಬಹುದು.

ಬೆಂಗಳೂರಿನಿಂದ ಹೊರಡುವ ಮುಂಚೆ

ಹಡಗು ಹೊರಡುವ ದಿನವೇ ವಿಮಾನ ಹತ್ತಬೇಡಿ. ಇಲ್ಲಿಂದ ಸಿಂಗಪುರಕ್ಕೆ ನಾಲ್ಕೂವರೆ ಗಂಟೆ ಹಾರಾಟ, ಅಲ್ಲಿನ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ. ಹೆಬ್ಬಾಳದ ಟ್ರಾಫಿಕ್ಕೋ ಮಂಜೋ ವಿಮಾನ ತಡವೋ, ಏನೋ ಒಂದು ಆಗಿ ನೀವು ಲೇಟಾದರೆ ಹಡಗು ಕಾಯುವುದಿಲ್ಲ, ಸೂಟ್‌ನವರಿಗೂ ಕಾಯುವುದಿಲ್ಲ. ಹಿಂದಿನ ದಿನವೇ ಹೋಗಿ ಒಂದು ರಾತ್ರಿ ಉಳಿದುಕೊಳ್ಳಿ.

ಪಾಸ್‌ಪೋರ್ಟ್ ಆರು ತಿಂಗಳು ಬಾಕಿ ಇರಬೇಕು. ಸಿಂಗಪುರ ವೀಸಾ ಮಲ್ಟಿಪಲ್ ಎಂಟ್ರಿ ಇದೆಯಾ ಅಂತ ಕಣ್ಣಾರೆ ನೋಡಿ, ಯಾಕಂದರೆ ಹಡಗು ಹತ್ತಿದರೆ ದೇಶ ಬಿಟ್ಟ ಹಾಗೆ, ವಾಪಸ್ ಬಂದಾಗ ಮತ್ತೆ ಒಳಗೆ ಬಂದ ಹಾಗೆ. ಎಸ್‌ಜಿ ಅರೈವಲ್ ಕಾರ್ಡ್ (ಸಿಂಗಪುರ ಪ್ರವೇಶಕ್ಕೆ ಆನ್‌ಲೈನ್‌ನಲ್ಲಿ ತುಂಬುವ ಫಾರ್ಮ್) ಅನ್ನು ತಲುಪುವ ಮೂರು ದಿನದೊಳಗೆ ತುಂಬಬೇಕು, ಅದು ಉಚಿತ. ಹಡಗಿನಿಂದ ಇಳಿಯುವ ದಿನಕ್ಕೆ ಇನ್ನೊಮ್ಮೆ ತುಂಬಿ. ಹಡಗು ಮಲೇಷ್ಯಾ, ಥಾಯ್ಲೆಂಡ್ ಕಡೆ ನಿಲ್ಲುತ್ತದೆ ಅಂದರೆ ಆ ದೇಶಗಳ ನಿಯಮವನ್ನೂ ಹೊರಡುವ ವಾರ ಮತ್ತೆ ನೋಡಿ, ಅವು ಆಗಾಗ ಬದಲಾಗುತ್ತಿರುತ್ತವೆ.

ಪ್ಯಾಕೇಜ್ ಬಿಲ್‌ನಲ್ಲಿ ಟಿಸಿಎಸ್ (ಮಾರುವವರು ಮೊದಲೇ ವಸೂಲಿ ಮಾಡುವ ತೆರಿಗೆ) ಅಂತ ಒಂದು ಸಾಲು ಇರುತ್ತದೆ. ಅದು ಹೋದ ದುಡ್ಡಲ್ಲ. ನಿಮ್ಮ ಪ್ಯಾನ್ ಮೇಲೆ ಜಮಾ ಆಗಿರುತ್ತದೆ, ರಿಟರ್ನ್ಸ್ ಹಾಕುವಾಗ ಲೆಕ್ಕಕ್ಕೆ ತೆಗೆದುಕೊಳ್ಳಿ. ಅಪ್ಪನ ಪ್ಯಾನ್ ಕೊಟ್ಟಿದ್ದರೆ ಅಪ್ಪನೇ ರಿಟರ್ನ್ಸ್ ಹಾಕಬೇಕು, ಇದನ್ನು ಬುಕ್ ಮಾಡುವಾಗಲೇ ಯೋಚಿಸಿ.

ಪೆಟ್ಟಿಗೆಯಲ್ಲಿ ಏನು ಇಡಬಾರದು ಅನ್ನುವುದು ನಮ್ಮವರಿಗೆ ಮುಖ್ಯ. ಇಸ್ತ್ರಿ ಪೆಟ್ಟಿಗೆ, ಎಲೆಕ್ಟ್ರಿಕ್ ಕೆಟಲ್, ರೈಸ್ ಕುಕ್ಕರ್, ಎಕ್ಸ್‌ಟೆನ್ಷನ್ ಬಾಕ್ಸ್, ಮೇಣದ ಬತ್ತಿ, ಊದುಬತ್ತಿ, ಇವನ್ನೆಲ್ಲ ಹಡಗಿನವರು ತೆಗೆದಿಟ್ಟುಕೊಳ್ಳುತ್ತಾರೆ. ಸಮುದ್ರದ ಮಧ್ಯೆ ಬೆಂಕಿ ಬಿದ್ದರೆ ಓಡಲು ಜಾಗ ಇಲ್ಲ, ಅದಕ್ಕೇ ಇಷ್ಟು ಕಟ್ಟುನಿಟ್ಟು. ಅಮ್ಮ ಪುಟ್ಟ ದೇವರ ಫೋಟೋ ಇಟ್ಟುಕೊಂಡು ಹೂವಿನಿಂದಲೇ ಪೂಜೆ ಮುಗಿಸಿದರು. ಮನೆಯಲ್ಲಿ ಮಾಡಿದ ಅಡುಗೆ ಬಿಡುವುದಿಲ್ಲ, ಆದರೆ ಅಂಗಡಿಯಲ್ಲಿ ಸೀಲ್ ಮಾಡಿದ ಚಟ್ನಿಪುಡಿ, ಕೋಡುಬಳೆ, ಉಪ್ಪಿನಕಾಯಿಗೆ ನಮಗೆ ತೊಂದರೆ ಆಗಲಿಲ್ಲ. ಸಿಂಗಪುರಕ್ಕೆ ಚೂಯಿಂಗ್ ಗಮ್, ವೇಪ್, ಅಗಿಯುವ ತಂಬಾಕು ಬೇಡವೇ ಬೇಡ.

ಬಟ್ಲರ್‌ನಿಂದ ಕೆಲಸ ಹೇಗೆ ತಗೊಳ್ಳಬೇಕು

ನಮ್ಮ ಜನ ಎಡವುವುದು ಇಲ್ಲೇ. ಸಂಕೋಚ. "ಪಾಪ, ಅವರಿಗ್ಯಾಕೆ ತೊಂದರೆ" ಅಂತ ಅಮ್ಮ ಮೊದಲ ದಿನ ಬಟ್ಲರ್ ಬಂದಾಗ ಏನೂ ಬೇಡ ಅಂದುಬಿಟ್ಟರು. ನಾನು ಅವರನ್ನು ಬಾಗಿಲಲ್ಲೇ ನಿಲ್ಲಿಸಿ ಒಂದು ಚೀಟಿ ಕೊಟ್ಟೆ. ಬೆಂಗಳೂರಲ್ಲೇ ಬರೆದಿಟ್ಟುಕೊಂಡಿದ್ದ ಚೀಟಿ. ಬೆಳಿಗ್ಗೆ ಐದೂವರೆಗೆ ಒಂದು ಫ್ಲಾಸ್ಕ್ ಬಿಸಿನೀರು. ಆರೂವರೆಗೆ ಬಿಸಿ ಹಾಲು ಬೇರೆ, ಕಡು ಕಾಫಿ ಡಿಕಾಕ್ಷನ್ ಬೇರೆ. ರಾತ್ರಿ ಎಂಟಕ್ಕೆ ಬಿಳಿ ಅನ್ನ, ಸಕ್ಕರೆ ಹಾಕದ ಮೊಸರು. ಬಚ್ಚಲಲ್ಲಿ ಜಾರದಂತೆ ರಬ್ಬರ್ ಚಾಪೆ, ಕೂರಲು ಒಂದು ಸ್ಟೂಲ್. ಹೆಚ್ಚುವರಿ ದಿಂಬು ಎರಡು.

ಅವರು ಓದಿ ನಕ್ಕರು. "ಮೇಡಂ, ನಮ್ಮದು ಮಂಗಳೂರು" ಅಂದರು, ಕನ್ನಡದಲ್ಲೇ. ಅಮ್ಮನ ಸಂಕೋಚ ಅಲ್ಲಿಗೆ ಮುಗಿಯಿತು. ಅವತ್ತು ರಾತ್ರಿ ಬಾಲ್ಕನಿಯ ಪುಟ್ಟ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಮುಚ್ಚಿದ ತಟ್ಟೆಯಲ್ಲಿ ಬಿಸಿ ಅನ್ನ ಬಂತು. ಅಮ್ಮ ಅದನ್ನು ಚಮಚದ ಹಿಂಭಾಗದಿಂದ ಮಸೆದು, ಮೊಸರು ಸುರಿದು, ಚೂರು ಉಪ್ಪು ಹಾಕಿ, ನಿಂಬೆ ಉಪ್ಪಿನಕಾಯಿ ಪ್ಯಾಕೆಟ್‌ನ ಮೂಲೆ ಹಲ್ಲಲ್ಲಿ ಕಚ್ಚಿ ಹರಿದು ಪಕ್ಕಕ್ಕೆ ಹಿಂಡಿದರು. ಕೆಳಗೆ ಮಲಾಕ್ಕಾ ಜಲಸಂಧಿಯ ಕಪ್ಪು ನೀರು, ದೂರದಲ್ಲಿ ಸರಕು ಹಡಗುಗಳ ದೀಪ. ಸೂಟ್‌ಗೆ ಕೊಟ್ಟ ದುಡ್ಡು ನನಗೆ ಆಗಲೇ ವಸೂಲಾಯಿತು.

ನಮ್ಮ ದೇಶದವರು ಹಡಗುಗಳಲ್ಲಿ ತುಂಬಾ ಜನ ಕೆಲಸ ಮಾಡುತ್ತಾರೆ, ಗೋವಾ, ಮುಂಬೈ, ಮಂಗಳೂರು ಕಡೆಯವರು ಸಿಗುತ್ತಲೇ ಇರುತ್ತಾರೆ. ಆದರೆ ಬಟ್ಲರ್ ಯಾವ ಊರಿನವರಾದರೂ ಕೆಲಸದ ರೀತಿ ಒಂದೇ: ಏನು, ಎಷ್ಟು ಹೊತ್ತಿಗೆ, ಎಷ್ಟು ಅಂತ ಸರಿಯಾಗಿ ಹೇಳಿದರೆ ಆಗುತ್ತದೆ, "ಏನಾದರೂ ಬಿಸಿಯಾಗಿ" ಅಂದರೆ ಸೂಪ್ ಬರುತ್ತದೆ. ಪೆಟ್ಟಿಗೆ ಬಿಚ್ಚಿ ಬಟ್ಟೆ ಜೋಡಿಸುವುದು, ಇಸ್ತ್ರಿಗೆ ಕೊಡಿಸುವುದು, ರೆಸ್ಟೋರೆಂಟ್ ಊಟವನ್ನು ಕೋಣೆಗೇ ತರಿಸುವುದು, ಷೋಗೆ ಸೀಟು ಹಿಡಿಸುವುದು, ಇವೆಲ್ಲ ಅವರ ಕೆಲಸವೇ. ಇಸ್ತ್ರಿ ಉಚಿತವಾ, ಎಷ್ಟು ಬಟ್ಟೆಗೆ ಅಂತ ಮಾತ್ರ ಮೊದಲೇ ಕೇಳಿ. ಬಟ್ಲರ್ ಬೇರೆ, ಕೋಣೆ ಗುಡಿಸಿ ಹಾಸಿಗೆ ಸರಿಮಾಡುವ ಸ್ಟುವರ್ಡ್ ಬೇರೆ, ಲೌಂಜ್‌ನಲ್ಲಿ ಕೂತು ಬುಕಿಂಗ್ ನೋಡುವ ಕನ್ಸಿಯರ್ಜ್ ಬೇರೆ. ಬಿಲ್ ತಪ್ಪಾಗಿದೆ, ದೋಣಿ ಟಿಕೆಟ್ ಬೇಕು ಅನ್ನುವುದಕ್ಕೆಲ್ಲ ಕನ್ಸಿಯರ್ಜ್ ಹತ್ತಿರ ಹೋಗಿ. ಕೆಳಗಿನ ಗೆಸ್ಟ್ ಸರ್ವೀಸಸ್ ಕೌಂಟರ್‌ನ ಸಾಲು ಕೊನೆಯ ರಾತ್ರಿ ನಮ್ಮ ಆರ್‌ಟಿಓ ಆಫೀಸಿನಷ್ಟು ಉದ್ದ ಇರುತ್ತದೆ.

ಊಟದ ವಿಷಯ: ಜೈನ್ ಊಟವೋ, ಈರುಳ್ಳಿ ಬೆಳ್ಳುಳ್ಳಿ ಇಲ್ಲದ್ದೋ ಬೇಕಾದರೆ ಬುಕ್ ಮಾಡುವಾಗಲೇ ಬರೆಸಿ. ಹತ್ತಿದ ದಿನ ಹೆಡ್ ವೇಟರ್‌ಗೆ ಬಾಯಲ್ಲೂ ಹೇಳಿ, ನಾಳೆಯ ಊಟ ಏನು ಅಂತ ಇವತ್ತು ರಾತ್ರಿಯೇ ಮಾತಾಡಿಕೊಳ್ಳಿ. ಸಸ್ಯಾಹಾರ ಅಂದರೆ ಮೊಟ್ಟೆಯೂ ಇಲ್ಲ, ಮೀನಿನ ಸಾಸೂ ಇಲ್ಲ ಅಂತ ಬಿಡಿಸಿ ಹೇಳಬೇಕು. ಸೂಟ್ ರೆಸ್ಟೋರೆಂಟ್ ಚಿಕ್ಕದು, ಅಡುಗೆಯವರು ಹೊರಗೆ ಬಂದು ಕೇಳುವಷ್ಟು ಪುರುಸೊತ್ತು ಇರುತ್ತದೆ, ಅದನ್ನು ಬಳಸಿಕೊಳ್ಳಿ. ಡ್ರೆಸ್ ಮಾಡಿಕೊಳ್ಳುವ ರಾತ್ರಿ ಅಮ್ಮ ಮೈಸೂರು ರೇಷ್ಮೆ ಸೀರೆ ಉಟ್ಟಿದ್ದರು. ಯಾರೂ ಏನೂ ಕೇಳಲಿಲ್ಲ, ಪಕ್ಕದ ಮೇಜಿನವರು ಮಾತ್ರ ಸೆರಗು ಮುಟ್ಟಿ ನೋಡಿದರು.

ದುಡ್ಡು ಎಲ್ಲೆಲ್ಲಿ ಕತ್ತರಿಸುತ್ತದೆ

ಟಿಪ್ಸ್ ದಿನಕ್ಕೆ ತಲೆಗಿಷ್ಟು ಅಂತ ತಾನಾಗೇ ಬಿಲ್‌ಗೆ ಸೇರುತ್ತದೆ. ದೊಡ್ಡ ಕಂಪನಿಗಳಲ್ಲಿ ಮಾಮೂಲಿ ಕೋಣೆಗೆ ಸುಮಾರು 16ರಿಂದ 20 ಡಾಲರ್, ಸೂಟ್‌ಗೆ ಅದಕ್ಕಿಂತ ಕೆಲವು ಡಾಲರ್ ಜಾಸ್ತಿ. ಮಕ್ಕಳಿಗೂ ಹಾಕುತ್ತಾರೆ. ನಾಲ್ಕು ಜನ ನಾಲ್ಕು ರಾತ್ರಿ ಅಂದರೆ ದೊಡ್ಡ ಮೊತ್ತವೇ, ಮುಂಚೆಯೇ ಕಟ್ಟಿಬಿಟ್ಟರೆ ನೆಮ್ಮದಿ. ಬಟ್ಲರ್‌ಗೆ ಅದರ ಮೇಲೆ ಕೈಯಲ್ಲಿ ಕೊಡುವ ರೂಢಿ ಇದೆ. ನಾವು ಕವರಿನಲ್ಲಿ ಹಾಕಿ, ಅಮ್ಮನ ಕೈಯಿಂದ ಕೊಡಿಸಿದೆವು.

ಹಡಗಿನೊಳಗೆ ನಗದು ನಡೆಯುವುದಿಲ್ಲ, ಎಲ್ಲಾ ಕೋಣೆ ಕಾರ್ಡ್ ಮೇಲೆ ಬರೆದುಕೊಳ್ಳುತ್ತಾರೆ, ಅದಕ್ಕೆ ನಿಮ್ಮ ಕ್ರೆಡಿಟ್ ಕಾರ್ಡ್ ಜೋಡಿಸುತ್ತಾರೆ. ಹೊರಡುವ ಮುಂಚೆ ಬ್ಯಾಂಕ್ ಆ್ಯಪ್‌ನಲ್ಲಿ ಇಂಟರ್‌ನ್ಯಾಷನಲ್ ಬಳಕೆ ಆನ್ ಮಾಡಿ. ಫಾರೆಕ್ಸ್ ಕಾರ್ಡೋ ಡೆಬಿಟ್ ಕಾರ್ಡೋ ಕೊಡಬೇಡಿ. ಅವರು ಒಂದು ಮೊತ್ತವನ್ನು ಮೊದಲೇ ಹಿಡಿದಿಡುತ್ತಾರೆ, ಇಳಿದ ಮೇಲೂ ಅದು ಬಿಡುಗಡೆ ಆಗಲು ದಿನಗಟ್ಟಲೆ ಆಗಬಹುದು, ಅಷ್ಟರಲ್ಲಿ ನಿಮಗೆ ಊರಲ್ಲಿ ಖರ್ಚಿಗೆ ದುಡ್ಡಿರುವುದಿಲ್ಲ. ಫೋನನ್ನು ಹಡಗು ಹತ್ತುತ್ತಿದ್ದ ಹಾಗೇ ಫ್ಲೈಟ್ ಮೋಡ್‌ಗೆ ಹಾಕಿ ವೈಫೈ ಮಾತ್ರ ಆನ್ ಮಾಡಿ, ಸಮುದ್ರದ ಮೇಲಿನ ರೋಮಿಂಗ್ ಬೇರೆ, ಊರಿನ ರೋಮಿಂಗ್ ಪ್ಯಾಕ್‌ನಲ್ಲಿ ಅದು ಸಾಮಾನ್ಯವಾಗಿ ಇರುವುದಿಲ್ಲ.

ಸೂಟ್ ಇದ್ದರೂ ಬದಲಾಗದ ನಿಯಮಗಳು

ಮಸ್ಟರ್ ಡ್ರಿಲ್‌ಗೆ, ಅಂದರೆ ಅಪಾಯ ಬಂದರೆ ಎಲ್ಲಿ ಸೇರಬೇಕು ಅಂತ ತೋರಿಸುವ ತಾಲೀಮಿಗೆ, ಎಲ್ಲರೂ ಹೋಗಲೇಬೇಕು. 2012ರ ಜನವರಿಯಲ್ಲಿ ಇಟಲಿಯ ಹತ್ತಿರ ಕೋಸ್ಟಾ ಕಾಂಕಾರ್ಡಿಯಾ ಬಂಡೆಗೆ ಬಡಿದು 32 ಜನ ಸತ್ತರು. ಅವತ್ತು ಸಂಜೆ ಹತ್ತಿದ ಪ್ರಯಾಣಿಕರಿಗೆ ಇನ್ನೂ ಡ್ರಿಲ್ ಆಗಿರಲಿಲ್ಲ. ಆಮೇಲೆ ನಿಯಮ ಬಿಗಿಯಾಯಿತು, 2015ರಿಂದ ಹಡಗು ಹೊರಡುವ ಮುಂಚೆ ಅಥವಾ ಹೊರಟ ಕೂಡಲೇ ಡ್ರಿಲ್ ಆಗಬೇಕು. ಅಪ್ಪನಿಗೆ ಕುರ್ಚಿ ಬೇಕು ಅಂತ ಬಟ್ಲರ್‌ಗೆ ಹೇಳಿದ್ದೆವು, ಸೇರುವ ಜಾಗದಲ್ಲಿ ಇಟ್ಟಿದ್ದರು.

ಗರ್ಭಿಣಿಯರು ಪ್ರಯಾಣದ ಯಾವ ದಿನದಲ್ಲಾದರೂ 24ನೇ ವಾರಕ್ಕೆ ಕಾಲಿಡುವ ಹಾಗಿದ್ದರೆ ಹೆಚ್ಚಿನ ಕಂಪನಿಗಳು ಹತ್ತಿಸುವುದಿಲ್ಲ. ಹಸುಗೂಸಿಗೆ ಸಾಮಾನ್ಯವಾಗಿ ಆರು ತಿಂಗಳು ತುಂಬಿರಬೇಕು. ಇದರಲ್ಲಿ ಬೇಡಿಕೊಂಡರೂ ಬಿಡುವುದಿಲ್ಲ, ಬಂದರಿನಿಂದಲೇ ವಾಪಸ್.

ವೀಲ್‌ಚೇರ್ ಬಗ್ಗೆ ಒಂದು ಮಾತು. ಹತ್ತಿಸುವುದಕ್ಕೂ ಇಳಿಸುವುದಕ್ಕೂ ಹಡಗಿನವರು ತಳ್ಳಿಕೊಂಡು ಹೋಗುತ್ತಾರೆ, ಆದರೆ ಒಳಗೆ ದಿನವಿಡೀ ಬೇಕು ಅಂದರೆ ನಿಮ್ಮದನ್ನೇ ಒಯ್ಯಬೇಕು ಅಥವಾ ಬಾಡಿಗೆಗೆ ಹೇಳಿಡಬೇಕು. ಫುಕೆಟ್‌ನ ಪಟಾಂಗ್‌ನಂಥ ಕಡೆ ಹಡಗು ದಡಕ್ಕೆ ಹೋಗುವುದಿಲ್ಲ, ಚಿಕ್ಕ ಟೆಂಡರ್ ದೋಣಿಗೆ ಇಳಿಯಬೇಕು. ಸೂಟ್‌ನವರಿಗೆ ಅಲ್ಲಿ ಮೊದಲ ದೋಣಿಗಳಲ್ಲಿ ಜಾಗ ಕೊಡುತ್ತಾರೆ, ನಿಜ. ಆದರೆ ಅಲೆ ಎದ್ದಿದ್ದರೆ, ಎರಡು ಹೆಜ್ಜೆ ತಾನಾಗಿ ದಾಟಲಾಗದವರನ್ನು ಸಿಬ್ಬಂದಿ ದೋಣಿಗೆ ಬಿಡುವುದಿಲ್ಲ. ಅಪ್ಪ ಅವತ್ತು ಹಡಗಲ್ಲೇ ಉಳಿದರು. ಹಡಗು ಅರ್ಧ ಖಾಲಿ, ಲೌಂಜ್‌ನಲ್ಲಿ ಅವರೊಬ್ಬರೇ, ಕಾಫಿ ಮೇಲೆ ಕಾಫಿ. ಅವರಿಗೆ ಆ ದಿನವೇ ತುಂಬಾ ಇಷ್ಟವಾಯಿತಂತೆ.

ಹಡಗಿನ ಡಾಕ್ಟರ್ ಚೆನ್ನಾಗಿ ನೋಡುತ್ತಾರೆ, ಬಿಲ್ ಮಾತ್ರ ಜೋರು, ಅದೂ ಸೀದಾ ನಿಮ್ಮ ಕೋಣೆ ಲೆಕ್ಕಕ್ಕೆ. ಮೊದಲು ಕಟ್ಟಿ ಆಮೇಲೆ ಇನ್ಶೂರೆನ್ಸ್‌ನಿಂದ ಪಡೆಯಬೇಕು. ಪಾಲಿಸಿಯಲ್ಲಿ ಕ್ರೂಸ್ ಸೇರಿದೆಯಾ, ಹಡಗಿನಿಂದ ಆಸ್ಪತ್ರೆಗೆ ಸಾಗಿಸುವ ಖರ್ಚು ಸೇರಿದೆಯಾ, ಬಿಪಿ ಶುಗರ್ ಮೊದಲೇ ಇದ್ದದ್ದನ್ನು ಬರೆಸಿದ್ದೀರಾ, ಮೂರನ್ನೂ ನೋಡಿ.

ಕ್ಯಾನ್ಸಲ್ ಮಾಡುವುದು ತಿಂಗಳುಗಟ್ಟಲೆ ಮುಂಚಿನ ಲೆಕ್ಕ. ಕೆಲವು ಕಂಪನಿಗಳು 75ರಿಂದ 90 ದಿನ ಮುಂಚೆಯೇ ಪೂರ್ತಿ ದುಡ್ಡು ಕೇಳುತ್ತವೆ. ಆ ದಿನ ದಾಟಿದ ಮೇಲೆ ಕ್ಯಾನ್ಸಲ್ ಮಾಡಿದರೆ ಹಂತ ಹಂತವಾಗಿ ಕತ್ತರಿಸುತ್ತಾರೆ. ಸೂಟ್‌ಗಳ ಮುಂಗಡ ಕೆಲವು ಕಡೆ ಎಂದಿಗೂ ವಾಪಸ್ ಬರುವುದಿಲ್ಲ. ಕೊನೆಯ ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಅದರ ಒಂದು ವಾರ ಮುಂಚೆ ಮನೆಯವರ ಆರೋಗ್ಯ, ರಜ ಎಲ್ಲಾ ನೋಡಿ ತೀರ್ಮಾನ ಮಾಡಿ.

ಇಳಿಯುವ ಹಿಂದಿನ ರಾತ್ರಿ ಪೆಟ್ಟಿಗೆಗಳಿಗೆ ಚೀಟಿ ಕಟ್ಟಿ ಬಾಗಿಲ ಹೊರಗೆ ಇಡಬೇಕು. ಮಾತ್ರೆ, ಪಾಸ್‌ಪೋರ್ಟ್, ಮಾರನೇ ದಿನದ ಬಟ್ಟೆ ಕೈಚೀಲದಲ್ಲಿ ಇರಲಿ. ಬಿಲ್ ಅನ್ನು ಅವತ್ತೇ ರಾತ್ರಿ ಟಿವಿಯಲ್ಲಿ ಅಥವಾ ಆ್ಯಪ್‌ನಲ್ಲಿ ಸಾಲು ಸಾಲಾಗಿ ನೋಡಿ. ನಮ್ಮ ಬಿಲ್‌ನಲ್ಲಿ ನಾವು ಮುಟ್ಟದ ಎರಡು ಜ್ಯೂಸ್ ಇತ್ತು, ಕನ್ಸಿಯರ್ಜ್‌ಗೆ ತೋರಿಸಿದೆ, ಎರಡು ನಿಮಿಷದಲ್ಲಿ ತೆಗೆದರು. ಬೆಳಿಗ್ಗೆ ಸೂಟ್‌ನವರು ಲೌಂಜ್‌ನಲ್ಲಿ ತಿಂಡಿ ತಿಂದು ಅಲ್ಲೇ ಕೂತಿರಬಹುದು, ಯಾರಾದರೂ ಬಂದು ನೇರವಾಗಿ ಕೆಳಗೆ ಕರೆದುಕೊಂಡು ಹೋಗುತ್ತಾರೆ. ಆದರೂ ಬೆಂಗಳೂರಿನ ವಿಮಾನವನ್ನು ಮಧ್ಯಾಹ್ನ ಎರಡರ ನಂತರದ್ದೇ ಹಿಡಿಯಿರಿ.